ನನ್ನ ಬಿಸಿಲು, ಅವಳ ನೆರಳು

ನಾನು ಮದುವೆಯಾಗಿ ಬಂದ ದಿನದಿಂದ ಬಿಸಿಲು ಹೊತ್ತವಳು. ದಿಬ್ಬದ ಮರೆಯಲ್ಲಿರುವ ನಮ್ಮ ಕೆಳಗಿನ ಓಣಿಗೆ ಬಿಸಿಲು ಬೀಳುವುದಿಲ್ಲ, ಹೆಂಗಸರೆಲ್ಲ ಹೊತ್ತವರೇ. ಬೆಳಿಗ್ಗೆ ಗಂಜಿ ಕುಡಿದು, ಖಾಲಿ ತಾಮ್ರದ ಕೊಡ ಬಗಲಲ್ಲಿಟ್ಟುಕೊಂಡು ದಿಬ್ಬ ಹತ್ತುವುದು. ಮೇಲಿನ ಓಣಿಯ ದಂಡೆಯಲ್ಲಿ, ಬಿಸಿಲು ಬಿದ್ದ ಹಾಸುಗಲ್ಲಿನ ಮೇಲೆ ಕೊಡದ ಬಾಯನ್ನು ಸೂರ್ಯನ ಕಡೆ ಮಾಡಿ ಇಟ್ಟು, ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು ಕೂರುವುದು. ತುಂಬಿದ ಮೇಲೆ ಕರಿ ಕಂಬಳಿಯ ತುಂಡಿನಿಂದ ಬಾಯಿ ಬಿಗಿದು, ತಲೆಗೇರಿಸಿ ಇಳಿಯುವುದು. ಬಿಸಿಲಿಗೆ ತೂಕವಿಲ್ಲ ಎನ್ನುವವರು ಹೊತ್ತು ನೋಡಿಲ್ಲ. ಚೈತ್ರದ ಬಿಸಿಲು ನೀರಿಗಿಂತ ಭಾರ. ಮಾಗಿಯದು ಹತ್ತಿಯ ಹಾಗೆ ಹಗುರ, ಆದರೆ ಮನೆ ಮುಟ್ಟುವುದರೊಳಗೆ ಅರ್ಧ ಆರಿರುತ್ತದೆ. ಮಣ್ಣಿನ ಕೊಡದಲ್ಲಿ ತಂದರೆ ಸೋರುತ್ತದೆ, ಹೊತ್ತವಳ ಬೆನ್ನೆಲ್ಲ ಬೆಳಕಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಾಳೆ. ತಾಮ್ರದ್ದೇ ಸರಿ.

ಮನೆಗೆ ತಂದ ಬಿಸಿಲನ್ನು ಸುಮ್ಮನೆ ಸುರಿಯುವ ಹಾಗಿರಲಿಲ್ಲ. ಒಂದು ಕೊಡದಲ್ಲಿ ಮೊದಲು ಹಪ್ಪಳ, ಹಪ್ಪಳ ತೆಗೆದ ಜಾಗದಲ್ಲಿ ಹೊದೆಯುವ ಹಸಿ ಕೌದಿ, ಕೌದಿ ತೆಗೆದರೆ ಅತ್ತೆಯ ಮೊಣಕಾಲು. ಉಳಿದ ಚೂರುಪಾರಿನ ಮೇಲೆ ನಾಯಿ ಬಂದು ಮಲಗುತ್ತಿತ್ತು. ಎಳೆಗೂಸು ಹುಟ್ಟಿದ ಮನೆಗೆ ಮಾತ್ರ ಹನ್ನೊಂದು ದಿನ ದಿನಕ್ಕೊಂದು ತುಂಬು ಕೊಡ ತಪ್ಪಿಸುವಂತಿಲ್ಲ. ಅದು ಸೂಲಗಿತ್ತಿಯ ಕಟ್ಟಪ್ಪಣೆ.

ಕಾಶವ್ವ ನನ್ನ ಪಕ್ಕದ ಮನೆಯವಳು. ಇಬ್ಬರಿಗೂ ನಡುವಿನ ಗೋಡೆ ಒಂದೇ. ಒಂದೇ ವರ್ಷ ಮದುವೆಯಾಗಿ ಈ ಓಣಿಗೆ ಬಂದವರು ನಾವು. ನಲವತ್ತೆರಡು ವರ್ಷ ನಾನು ಮುಂದೆ, ಅವಳು ಹಿಂದೆ. ನಾನು ಮಾತಿನವಳಲ್ಲ. ಅವಳು ದಿಬ್ಬ ಹತ್ತುವಾಗ ಶುರು ಮಾಡಿದ ಮಾತನ್ನು ಇಳಿದು ಮುಗಿಸುವಳು. ನಮ್ಮ ಕೊಡಗಳು ಒಬ್ಬನೇ ಕಂಚುಗಾರ ಬಡಿದವು, ಗುರುತು ಸಿಗದೆ ಅದಲುಬದಲಾಗುತ್ತಿದ್ದವು. ಅದಕ್ಕೆ ನಾನು ನನ್ನ ಕೊಡದ ಕಂಠಕ್ಕೆ ಹಸಿರು ದಾರ ಸುತ್ತಿದ್ದೆ.

ದಾರಿಯ ನಡುವೆ ಜಾರಬಂಡೆ ಇದೆ. ಇಪ್ಪತ್ತು ಮಾರು ಉದ್ದದ ನುಣ್ಣನೆ ಕಲ್ಲು, ಬೇಸಿಗೆಯಲ್ಲೂ ಪಾಚಿ ಬಿಡುವುದಿಲ್ಲ. ಅಲ್ಲಿ ಜಾರದ ಹೆಂಗಸಿಲ್ಲ. ಅದಕ್ಕಾಗಿಯೇ ನಮ್ಮಲ್ಲಿ ಒಂದು ಪದ್ಧತಿ ಇದೆ. ಮುಂದಿನವಳು ಜಾರಿ ಬಿಸಿಲು ಚೆಲ್ಲಿದರೆ ಹಿಂದಿನವಳು ತನ್ನ ಕೊಡದಿಂದ ಅರ್ಧ ಸುರಿಯಬೇಕು. ಕೇಳಲಿ ಎಂದು ಕಾಯಬಾರದು, ಹೇಳಿ ತೋರಿಸಬಾರದು. ಚೆಲ್ಲಿದ ಬಿಸಿಲು ಕಲ್ಲಿನ ಮೇಲೆ ಆರುವತನಕ ಇಬ್ಬರೂ ನಿಲ್ಲಬೇಕು, ತುಳಿದು ದಾಟಬಾರದು. ನಲವತ್ತೆರಡು ವರ್ಷದಲ್ಲಿ ಕಾಶವ್ವ ನನಗೆ ಎಷ್ಟು ಅರ್ಧ ಕೊಟ್ಟಿದ್ದಾಳೋ ಲೆಕ್ಕವಿಟ್ಟಿಲ್ಲ. ನಾನು ಮುಂದಿನವಳಾದ್ದರಿಂದ ಪಡೆದದ್ದೇ ಹೆಚ್ಚು.

ಹೀಗಿರುವಾಗ ಒಂದು ವರ್ಷ ಸರ್ಕಾರದವರು ಬಂದರು. ಆಲದ ಕಟ್ಟೆಗೆ ಶಾಮಿಯಾನ ಕಟ್ಟಿ, ಕುರ್ಚಿ ಹಾಕಿ, ಜನರಿಗೆ ಏನು ಬೇಕೆಂದು ಜನರನ್ನೇ ಕೇಳುತ್ತೇವೆ ಎಂದರು. ದಪ್ಪ ಕನ್ನಡಕದ ಸಾಹೇಬರೊಬ್ಬರು, ಅವರ ಪಕ್ಕದಲ್ಲಿ ನಮ್ಮೂರ ಕಾರಕೂನ ಚಂಬಣ್ಣ. ಒಬ್ಬೊಬ್ಬರನ್ನೇ ಕರೆದರು.

"ನಿನಗ ಏನು ಬೇಕವ್ವಾ?" ಎಂದು ಚಂಬಣ್ಣ ಕಾಶವ್ವನನ್ನು ಕೇಳಿದ.

"ಜಾರಬಂಡಿಗೆ ಮೆಟ್ಟಿಲು ಬೇಕ್ರಿ."

"ಬರೇ ಮೆಟ್ಟಿಲು ಅಂದ್ರ ಹೆಂಗ? ಮೆಟ್ಟಿಲು ಬಿಟ್ಟು ಏನು ಬೇಕು, ಅದನ್ನ ಹೇಳು."

"ಮೆಟ್ಟಿಲಿಗೆ ಹಿಡಿಕಿ ಬೇಕ್ರಿ," ಎಂದಳು. ಶಾಮಿಯಾನವೆಲ್ಲ ನಕ್ಕಿತು, ಸಾಹೇಬರೂ ನಕ್ಕರು. ನನ್ನ ಸರದಿ ಬಂದಾಗ ನಾನೂ ಮೆಟ್ಟಿಲು ಎಂದೆ. ಕೆಳಗಿನ ಓಣಿಯ ಅರವತ್ತು ಮನೆಯವರೂ ಮೆಟ್ಟಿಲು ಎಂದರು. ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ನನಗೆ ನನ್ನ ಹೆಸರಿನ ನಾಲ್ಕು ಅಕ್ಷರ ಬಿಟ್ಟರೆ ಓದು ಬಾರದು. ಆದರೂ ಆ ಹಾಳೆಯ ತುಂಬ ಒಂದೇ ಮಾತು ಕೆಳಗೆ ಕೆಳಗೆ ಇಳಿದದ್ದು ಕಾಣುತ್ತಿತ್ತು. ನೋಡುವುದಕ್ಕೆ ಅದೇ ಮೆಟ್ಟಿಲ ಹಾಗಿತ್ತು.

ಹತ್ತು ತಿಂಗಳಿಗೆ ಡಂಗುರ ಹೊಡೆದರು. ಬಂದದ್ದು ಹಂಡೆ. ಕುತ್ತಿಗೆಯೆತ್ತರದ ತಾಮ್ರದ ಹಂಡೆ, ಅದರಲ್ಲಿ ತುಂಬಿದ ಬಿಸಿಲು ಎಂಟು ದಿನ ಆರುವುದಿಲ್ಲವಂತೆ. ಮುಕ್ಕಾಲು ಪಾಲು ಸರ್ಕಾರದ್ದು, ಕಾಲು ಪಾಲು ನಮ್ಮದು. "ಯಾರಿಗೆ ಕೊಡ್ತಾರಂತ?" ಎಂದು ಓಣಿಯೆಲ್ಲ ಚಂಬಣ್ಣನನ್ನು ಸುತ್ತಿಕೊಂಡಿತು. ಅವನು ಹಾಳೆ ನೋಡಿ ಓದಿದ: ಬಿಸಿಲು ತುಂಬಿಡಬೇಕಾದರೆ ಮನೆಯಲ್ಲಿ ಬಿಸಿಲು ಇರಬೇಕು. ಸಾಹೇಬರು ಬಂದು ನೋಡುವಾಗ ಅರ್ಜಿದಾರನ ನೆರಳು ಅವನ ಸ್ವಂತ ಅಂಗಳದಲ್ಲಿ ಬಿದ್ದಿರಬೇಕು.

ಕೆಳಗಿನ ಓಣಿಯಲ್ಲಿ ನೆರಳು ಯಾರಿಗಿದೆ? ನಮ್ಮ ಮಕ್ಕಳು ಮೊದಲ ಸಲ ದಿಬ್ಬ ಹತ್ತಿದ ದಿನ ತಮ್ಮ ಕಾಲಿಗೆ ಅಂಟಿಕೊಂಡ ಕರಿದನ್ನು ಕಂಡು ಚೀರುತ್ತವೆ.

ಮೇಲಿನ ಓಣಿಯ ಹನ್ನೊಂದು ಮನೆಗೆ ಹನ್ನೊಂದು ಹಂಡೆ ಹೋದವು. ಅಡಿವೆಪ್ಪನ ಮನೆಗೆ ಮೊದಲನೆಯದು. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಪಡಸಾಲೆಗೆ ಪರದೆ ಕಟ್ಟಿಕೊಂಡ ಮನುಷ್ಯ ಅವನು. ಹಂಡೆಗೆ ಕುಂಕುಮ ಹಚ್ಚಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ನೆರಳು ಚೆನ್ನಾಗಿ ಬಿದ್ದಿತ್ತು. ಆಮೇಲೆ ಇನ್ನೊಂದು ಸಂಗತಿ ಆಯಿತು. ಹನ್ನೊಂದು ಹಂಡೆಗಳು ದಂಡೆಯುದ್ದಕ್ಕೂ ಬಾಯಿ ತೆರೆದು ಕೂತ ಮೇಲೆ ಹಾಸುಗಲ್ಲಿನ ಬಿಸಿಲು ತೆಳುವಾಯಿತು. ಒಂದು ಎಲೆಯಡಿಕೆ ಹೊತ್ತಿಗೆ ತುಂಬುತ್ತಿದ್ದ ಕೊಡ ಮೂರು ಎಲೆಯಡಿಕೆ ಬೇಡತೊಡಗಿತು.

ಇದೆಲ್ಲ ನನಗೆ ಅಷ್ಟೇನೂ ನೋವು ಮಾಡಲಿಲ್ಲ. ಮೇಲಿನವರಿಗೆ ಮೊದಲಿನಿಂದ ಎಲ್ಲ ಇತ್ತು, ಈಗ ಹಂಡೆಯೂ ಬಂತು. ಅಷ್ಟು ದೂರದವರ ಮೇಲೆ ಹೊಟ್ಟೆಕಿಚ್ಚುಪಡುವುದು ನನಗೆ ಬಾರದು. ನನ್ನ ಹೊಟ್ಟೆಕಿಚ್ಚು ಗೋಡೆಯಾಚೆಗೆ ಹೋಗುವಷ್ಟೇ ಶಕ್ತಿಯದು.

ಒಂದು ಮುಂಜಾನೆ ಕಾಶವ್ವ ಬಾಗಿಲಿಗೆ ಬಂದು, "ಫಕೀರವ್ವಾ, ಸೊಂಟಾ ಹಿಡಕೊಂಡೈತಿ. ಇವತ್ತ ನನ್ನ ಅಂಗಳಕ್ಕ ಎರಡು ಕೊಡಾ ತಂದು ಸುರುವತೀ ಏನು?" ಎಂದಳು. ಸುರುವಿಕೊಟ್ಟೆ. ತೆಳು ಬಿಸಿಲಿನ ಕಾಲದಲ್ಲಿ ಎರಡು ಕೊಡ ಎಂದರೆ ನನ್ನ ಅರ್ಧ ದಿನ. ಎರಡನೆಯ ಕೊಡ ಸುರಿದು ಕಂಬಳಿ ಕೊಡವುತ್ತಿದ್ದೆ, ಓಣಿಯ ತುದಿಯಲ್ಲಿ ಸಾಹೇಬರು, ಚಂಬಣ್ಣ ಕಂಡರು. ಕಾಶವ್ವ ನೆಟ್ಟಗೆ ಹೋಗಿ ಆ ಬಿಸಿಲಿನ ನಡುವೆ ನಿಂತಳು. ನನಗೆ ಹೇಳದೆ ಹಂಡೆಗೆ ಅರ್ಜಿ ಹಾಕಿದ್ದಾಳೆಂದು ಆಗ ಗೊತ್ತಾಯಿತು. ಸೆರಗು ಸರಿ ಮಾಡಿಕೊಂಡಳು. ಅವಳ ಪಾದದಿಂದ ಒಂದು ನೆರಳು ಇಳಿದು ಒಳಕಲ್ಲಿನವರೆಗೆ ಹೋಗಿ ಮಲಗಿತು. ಸಾಹೇಬರು ಬಗ್ಗಿ ಅದನ್ನು ನೋಡಿದರು, ಟೇಪು ಹಿಡಿದು ಅಳೆದರು, "ಕೆಳಗಿನ ಓಣಿಗೆ ಒಂದಾದ್ರೂ ಕೊಡಬೇಕಂತ ಇತ್ತು. ಸಿಕ್ಕಿತು ಬಿಡು," ಎಂದು ಬರೆದುಕೊಂಡರು. ನಾನು ಖಾಲಿ ಕೊಡ ಹಿಡಿದು ಗೋಡೆಗೆ ಒತ್ತಿ ನಿಂತಿದ್ದೆ. ನನ್ನ ಕಡೆ ಯಾರೂ ತಿರುಗಲಿಲ್ಲ.

ಹಂಡೆ ಬಂತು. ನಾಲ್ಕು ಜನ ಹೊತ್ತು ತಂದರು. ಕಾಶವ್ವ ಅದನ್ನು ಬೇರೆಲ್ಲೂ ಇಡದೆ ನಮ್ಮ ನಡುವಿನ ಗೋಡೆಗೇ ಒತ್ತಿ ಇಟ್ಟಳು. ನನಗೆ ಕಾಣಲಿ ಎಂದೇ ಇಟ್ಟಿದ್ದಾಳೆ ಎಂದುಕೊಂಡೆ. ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುವಳು. ತಿಕ್ಕುವ ಸಪ್ಪಳ ಗೋಡೆಯಿಂದ ನನ್ನ ಒಲೆಯ ತನಕ ಬರುತ್ತಿತ್ತು. ಅದು ನಿಂತರೆ, ಈಗ ಪಕ್ಕಕ್ಕೆ ಸರಿದು ನಿಂತು ನೋಡುತ್ತಿರಬೇಕು ಎನಿಸುವುದು. ಗೋಡೆಯ ಮೇಲಿನಿಂದ ಇಣುಕಿದೆ ಒಂದು ಸಲ. ಹಂಡೆಯಿಂದ ಬಿಸಿಲು ಮೊಗೆಯಲು ಗೂಟಕ್ಕೆ ಎರಡು ಉದ್ದ ಸೌಟು ತೂಗುಹಾಕಿದ್ದಳು. ಒಂದು ಸೌಟು ಸಾಲದೇನು ಇವಳಿಗೆ, ಇರುವ ಒಂದು ಹಂಡೆಗೆ ಎಷ್ಟು ಸೌಟು ಬೇಕು, ಎಂದು ನನ್ನೊಳಗೇ ಬೈದೆ. ಅಷ್ಟಕ್ಕೆ ತೃಪ್ತಿಯಾಗದೆ, ಆ ಹಂಡೆ ತೂತಾಗಲಿ ಎಂದೆ. ಆ ದಿನಗಳಲ್ಲಿ ನನ್ನ ಹೊಟ್ಟೆಯಲ್ಲಿ ಉರಿದದ್ದನ್ನು ಕೊಡಕ್ಕೆ ತುಂಬಲು ಬರುತ್ತಿದ್ದರೆ ಓಣಿಯ ಹಪ್ಪಳವೆಲ್ಲ ಒಣಗುತ್ತಿದ್ದವು.

ಕಾಶವ್ವ ಮಾತ್ರ ಮೊದಲಿನ ಹಾಗೇ ಮಾತಾಡಿಸುತ್ತಿದ್ದಳು. "ಯಾಕ, ಮಾರಿ ಹಸಿ ಕೌದಿ ಆಗೈತಲ್ಲ?" ಎನ್ನುವಳು. ನಾನು ಹ್ಞೂಂ ಎನ್ನುವೆ. ಹಂಡೆ ತುಂಬಲು ನಲವತ್ತು ಕೊಡ ಬೇಕಿತ್ತು. ಸೊಂಟದ ಕೈಯಲ್ಲಿ ಅವಳಿಗೆ ದಿನಕ್ಕೊಂದು ಕೊಡ ತರುವುದೇ ಹೆಚ್ಚು, ಇನ್ನೂ ಅರ್ಧವೂ ತುಂಬಿರಲಿಲ್ಲ. ಅವಳಿಗಿಂತ ಮೊದಲೇ ಎದ್ದು ಒಬ್ಬಳೇ ದಿಬ್ಬ ಹತ್ತತೊಡಗಿದೆ.

ಎರಡು ತಿಂಗಳಿಗೆ ಸಾಹೇಬರು ಮತ್ತೆ ಬಂದರು. ಹಂಡೆಯಿಂದ ಜನ ಸುಖವಾಗಿದ್ದಾರೋ ಇಲ್ಲವೋ ಬರೆದುಕೊಳ್ಳಬೇಕಿತ್ತು. ಕಟ್ಟೆಯ ಬಳಿ ನನ್ನನ್ನೂ ನಿಲ್ಲಿಸಿ, "ಏನಜ್ಜಿ, ಎಲ್ಲಾರೂ ಖುಷಿ ಅದಾರಲ್ಲ?" ಎಂದು ಕೇಳಿದರು. ಮುಂದೆ ಹೋಗುವುದಕ್ಕೆ ಒಂದು ಹೆಜ್ಜೆಯನ್ನೂ ಎತ್ತಿದ್ದರು. ಜೀವಮಾನದಲ್ಲಿ ಕೇಳದೆ ಬಾಯಿ ಬಿಡದವಳು ನಾನು. ಆವತ್ತು ಬಿಟ್ಟೆ.

"ಸಾಹೇಬ್ರ, ಆಕಿ ಅಂಗಳದಾಗ ಬಿದ್ದ ನೆರಳು ಆಕಿದಲ್ರಿ."

"ಮತ್ತ ಯಾರದು?"

"ಆ ಬಿಸಿಲು ಹೊತ್ತಾಕಿ ನಾನು. ಎರಡು ಕೊಡಾ. ಬಿಸಿಲು ನನ್ನದಂದ ಮ್ಯಾಲ ನೆರಳೂ ನನ್ನದ ಅಲ್ಲೇನ್ರಿ? ಹಂಡೆ ನನ್ನ ಹೆಸರಿಗೆ ಬರೀರಿ."

ಈಗ ಹೇಳುವಾಗ ನನಗೇ ನಗು ಬರುತ್ತದೆ. ಆಗ ಬಂದಿರಲಿಲ್ಲ. ಕೆಳಗಿನ ಓಣಿಯವರು ಯಾರಾದರೂ ಹೀಗೇ ಯೋಚಿಸುತ್ತಿದ್ದರು. ನಮ್ಮಲ್ಲಿ ಬಿಸಿಲು ಹೊತ್ತವಳದ್ದು, ಅದರಲ್ಲಿ ಒಣಗಿದ ಹಪ್ಪಳದಲ್ಲೂ ಅವಳಿಗೆ ಪಾಲು. ಹಂಡೆ ಗೋಡೆಯ ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಅಷ್ಟೇ ಎಂದು ನಂಬಿದ್ದೆ. ಎಲ್ಲಿ ಇಡಬೇಕೆಂದು ಒಲೆಯ ಪಕ್ಕ ಜಾಗವನ್ನೂ ಸಾರಿಸಿದ್ದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ನೋಡಿದರು. ಬಹಳ ಹೊತ್ತು ಬರೆದರು. ಕೆಳಗೆ ನನ್ನ ಹೆಸರು ಬರೆಸಿಕೊಂಡರು. ನಾಲ್ಕು ಅಕ್ಷರವನ್ನೂ ದುಂಡಗೆ ಬರೆದೆ.

ವಾರಕ್ಕೆ ನಾಲ್ಕು ಜನ ಬಂದರು. ಹಂಡೆಯಲ್ಲಿದ್ದ ಬಿಸಿಲನ್ನು ಬಚ್ಚಲಿಗೆ ಸುರಿದರು. ಆ ಬೆಳಕು ಮೋರಿಗುಂಟ ನಮ್ಮ ಓಣಿಯ ಕೊನೆಯ ತನಕ ಹರಿಯಿತು, ಮಕ್ಕಳು ಅದರ ಹಿಂದೆ ಓಡಿದರು. ಕಾಶವ್ವ ಹೊಸ್ತಿಲ ಮೇಲೆ ಕೂತಿದ್ದಳು. ನಾನು ನನ್ನ ಬಾಗಿಲು ತೆರೆದಿಟ್ಟು ಕಾದೆ. ಹಂಡೆ ನನ್ನ ಬಾಗಿಲ ಮುಂದೆ ಬಂತು, ಬಾಗಿಲು ದಾಟಿ ಮುಂದೆ ಹೋಯಿತು, ದಿಬ್ಬ ಹತ್ತಿತು.

"ಚಂಬಣ್ಣಾ, ಎಲ್ಲಿಗೆ ಒಯ್ತಾರದನ್ನ?" ಎಂದು ಕೂಗಿದೆ.

"ಕೆಳಗ ನೆರಳಿದ್ದವರು ಯಾರೂ ಇಲ್ಲಂತ ಬರದಾರ. ಇಲ್ಲದಿದ್ರ ಮ್ಯಾಲಿನವರಿಗೆ ಅಂತ ಕಾನೂನೈತಿ. ಅಡಿವೆಪ್ಪ ಹೆಂಡತಿ ಹೆಸರಿಗೆ ಅರ್ಜಿ ಹಾಕ್ಯಾನ."

ಮರುದಿನ ಕೊಡ ತುಂಬಲು ಹೋದಾಗ ಕಂಡೆ. ಅಡಿವೆಪ್ಪ ಅದನ್ನು ಹಿತ್ತಿಲಲ್ಲಿ ಬೋರಲು ಹಾಕಿ, ಒಂದು ಕಡೆ ಕಲ್ಲು ಕೊಟ್ಟು ಎತ್ತಿ, ಕೋಳಿ ಮುಚ್ಚಿದ್ದ. ತಾಮ್ರದ ಸಂದಿಯಿಂದ ಒಂದು ಹುಂಜ ತಲೆ ಹೊರಗೆ ಹಾಕಿ ನನ್ನನ್ನು ನೋಡಿತು. ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲಿನ ಭಾದ್ರಪದದಲ್ಲಿ ನನ್ನ ಮಗಳು ರತ್ನವ್ವ ಹೆತ್ತಳು. ಹೆಣ್ಣುಕೂಸು. ಮೂರನೆಯ ದಿನಕ್ಕೆ ಕೂಸಿನ ಮೈ ಅರಿಸಿನದಲ್ಲಿ ಅದ್ದಿದ ಹಾಗಾಯಿತು, ಕಣ್ಣಿನ ಬಿಳುಪೂ ಹಳದಿ. ಮೊಲೆ ಹಿಡಿಯುತ್ತಿರಲಿಲ್ಲ. ಸೂಲಗಿತ್ತಿ ಅಂಗಾಲು ಒತ್ತಿ ನೋಡಿ, "ಫಕೀರವ್ವಾ, ತುಂಬು ಕೊಡಾ. ಒಂದು ದಿನಾನೂ ತಪ್ಪಬಾರದು. ತಪ್ಪಿದ್ರ ನನ್ನ ಕೇಳಬ್ಯಾಡ," ಎಂದಳು. ಮೋಡದ ಕಾಲ. ದಂಡೆಯಲ್ಲಿ ಬಿಸಿಲೇ ಅಪರೂಪ, ಇದ್ದದ್ದನ್ನು ಹಂಡೆಗಳು ಎಳೆದುಕೊಳ್ಳುತ್ತಿದ್ದವು. ಎಂಟು ದಿನ ಆರದ ಬಿಸಿಲು ಗೋಡೆಯಾಚೆ ಇದ್ದಿದ್ದರೆ! ಇತ್ತು. ಅದನ್ನು ಬಚ್ಚಲಿಗೆ ಹರಿಸಿದವಳು ನಾನೇ.

ಆ ದಿನ ಮಧ್ಯಾಹ್ನದವರೆಗೆ ಕಾದು ಒಂದು ಕೊಡ ತಂದೆ. ಕೂಸು ಅದರಲ್ಲಿ ಕೈಕಾಲು ಆಡಿಸಿತು. ಮರುದಿನ ಇನ್ನೂ ತಡ. ಕಂಬಳಿ ಬಿಗಿದು ಇಳಿಯುವಾಗ ಹನಿ ಬಿದ್ದಿತ್ತು. ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ಕಾಶವ್ವನದು, ನನಗೆ ತಿರುಗಿ ನೋಡಬೇಕಿರಲಿಲ್ಲ. ಸೊಂಟ ಹಿಡಿದವಳು ಒಂದು ಕಾಲೆಳೆದು ಇಳಿಯುತ್ತಿದ್ದಳು. ಅವಳಿಗೆ ಸಿಗಬಾರದೆಂದು ಬೇಗ ಬೇಗ ಕಾಲು ಹಾಕಿದೆ. ಜಾರಬಂಡೆಯ ಮೇಲೆ ಬೇಗ ಎಂಬುದು ನಡೆಯುವುದಿಲ್ಲ. ಕಾಲು ಹೋಯಿತು, ಕೊಡ ಹೋಯಿತು. ಕಂಬಳಿ ಬಿಚ್ಚಿಕೊಂಡು, ಕೂಸಿನ ಬಿಸಿಲು ಕರಿಕಲ್ಲಿನ ಮೇಲೆ ಹಾಸಿಕೊಂಡಿತು. ಮಳೆಹನಿ ಬಿದ್ದಲ್ಲೆಲ್ಲ ಅದು ತೂತು ತೂತಾಗಿ ಆರತೊಡಗಿತು. ಕೈಯಿಂದ ಗೋರಿಕೊಳ್ಳಲು ನೋಡಿದೆ. ಬೊಗಸೆಯಲ್ಲಿ ನಿಲ್ಲಲಿಲ್ಲ.

ಕಾಶವ್ವ ನನ್ನ ಹಿಂದೆ ಬಂದು ನಿಂತಳು. ಚೆಲ್ಲಿದ್ದು ಆರುವತನಕ ನಿಂತಳು, ಪದ್ಧತಿಯಂತೆ. ಆಮೇಲೆ ಹಸಿರು ದಾರದ ಕೊಡವನ್ನು ಎತ್ತಿ ನಿಲ್ಲಿಸಿ, ತನ್ನ ಕಂಬಳಿ ಬಿಚ್ಚಿ ಸುರಿಯತೊಡಗಿದಳು. ಅರ್ಧಕ್ಕೆ ಕೈ ಎತ್ತುತ್ತಾಳೆ ಎಂದು ನೋಡುತ್ತಿದ್ದೆ. ಎತ್ತಲಿಲ್ಲ. ತಳದ ಕೊನೆಯ ಎಳೆಯನ್ನೂ ಕೊಡ ಕೊಡವಿ ಸುರಿದಳು.

"ಅರ್ಧ ಅಲ್ಲೇನ ಪದ್ಧತಿ?" ಎಂದೆ.

"ಅರ್ಧ ನಮ್ಮಂಥಾ ಮುದುಕಿಯರಿಗೆ. ಕೂಸಿಗೆ ಎಂಥ ಅರ್ಧ?"

"ಕಾಶಿ, ನಿನಗ ಗೊತ್ತೈತೇನು?"

"ಏನು, ಸಾಹೇಬ್ರ ಮುಂದ ಹೇಳಿದ್ದಾ? ಊರಿಗೇ ಗೊತ್ತೈತಿ. ನಲವತ್ತೆರಡು ವರ್ಷ ಬಾಯಿ ಬಿಡದಾಕಿ ಬಿಟ್ಟಿ ಅಂದ್ರ ಕೇಳಿಸದಿರ್ತೈತೇನು?"

"ಮತ್ತ ನನಗ ಮೊದಲ ಯಾಕ ಹೇಳಲಿಲ್ಲ ನೀನು? ನೆರಳಿನ ಸುದ್ದಿ?"

"ಹೇಳಿದ್ರ ಸುಳ್ಳು ನಿನ್ನ ಮಾರಿ ಮ್ಯಾಲ ನಿಲ್ಲತಿತ್ತೇನು? ಅವತ್ತ ಸಿಕ್ಕೊಂಡು ಬೀಳತಿದ್ವಿ. ನಡಿ, ನಡಿ, ಮಳಿ ಜೋರಾಗತೈತಿ." ಖಾಲಿ ಕೊಡ ಬಗಲಿಗೆ ಹಾಕಿಕೊಂಡು, ಮೊದಲ ಸಲ ಅವಳು ಮುಂದೆ ನಡೆದಳು. ಒಂದು ಕೈಯನ್ನು ಹಿಂದಕ್ಕೆ ಚಾಚಿದ್ದಳು. ಅದನ್ನು ಹಿಡಿದು ಜಾರಬಂಡೆ ಇಳಿದೆ.

ಕೂಸಿನ ಕಣ್ಣು ಒಂಬತ್ತನೆಯ ದಿನ ಬೆಳ್ಳಗಾದವು. ಹನ್ನೊಂದನೆಯ ದಿನ ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಅದರ ಮರುದಿನ ನಾನು ಬೆಳಕು ಹರಿಯುವ ಮುಂಚೆ ಹೋಗಿ, ಹಾಸುಗಲ್ಲಿನ ಮೇಲೆ ಕೂತು ಕೂತು ಕಂಠದವರೆಗೆ ತುಂಬಿದ ಒಂದು ಕೊಡ ತಂದು, ಕೇಳದೆ ಕಾಶವ್ವನ ಅಂಗಳಕ್ಕೆ ಹೋದೆ. ಹಂಡೆ ಹೋದ ಮೇಲೆ ಆ ಅಂಗಳಕ್ಕೆ ನಾನು ಕಾಲಿಟ್ಟಿರಲಿಲ್ಲ. ಗೋಡೆಯ ಬುಡದಲ್ಲಿ ಹಂಡೆಯ ದುಂಡು ಗುರುತು ಇನ್ನೂ ಇತ್ತು. ಅದರ ಮೇಲುಗಡೆ, ನಮ್ಮಿಬ್ಬರ ಗೋಡೆಯಲ್ಲಿ, ಒಂದು ಕಲ್ಲನ್ನು ಕಿತ್ತು ಮತ್ತೆ ಹಾಗೇ ಸಡಿಲಾಗಿ ಇಟ್ಟಿತ್ತು. ನನ್ನ ಕಡೆಯಿಂದ ತೋಳು ತೂರುವಷ್ಟು ಕಂಡಿ. ಗೂಟದಲ್ಲಿ ಎರಡು ಸೌಟೂ ತೂಗುತ್ತಿದ್ದವು. ಗೋಡೆಯ ಹತ್ತಿರದ ಸೌಟಿನ ಹಿಡಿಗೆ ಹಸಿರು ದಾರ ಸುತ್ತಿತ್ತು.

ನಾನು ಅದನ್ನು ನೋಡುತ್ತಿರುವುದನ್ನು ಒಳಗಿನಿಂದ ಬಂದ ಕಾಶವ್ವ ನೋಡಿದಳು. ಅದರ ಬಗ್ಗೆ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಕೆಟ್ಟ ಮಾತು ಬೈದಿದ್ದರೆ ಇಬ್ಬರೂ ಸರಿಸಮ ಆಗುತ್ತಿದ್ದೆವು. ಹಂಡೆಯ ಮೇಲಿನ ಹೊಟ್ಟೆಕಿಚ್ಚು ಹಂಡೆಯ ಜೊತೆಗೇ ದಿಬ್ಬ ಹತ್ತಿ ಹೋಗಿತ್ತು. ಈಗ ನನಗೆ ಉರಿಯುತ್ತಿದ್ದದ್ದು, ಜಾರಬಂಡೆಯ ಮೇಲೆ ಕೊಡ ಬಗ್ಗಿಸುವಾಗ ಇವಳ ಕೈ ಒಂದಿಷ್ಟೂ ಹಿಂಜರಿಯಲಿಲ್ಲವಲ್ಲ ಎಂಬುದು. ಅವಳ ಜಾಗದಲ್ಲಿ ನಾನಿದ್ದರೆ ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿ, ಪದ್ಧತಿ ಮೀರಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ.

"ಈ ವರ್ಷದ ಸುದ್ದಿ ಕೇಳಿದೇನು?" ಎಂದಳು ಕಾಶವ್ವ. "ಸರ್ಕಾರದವರು ಮತ್ತ ಬರತಾರಂತ. ಹಂಡೆ ಇದ್ದವರಿಗೆ ಮುಚ್ಚಳ ಕೊಡ್ತಾರಂತ, ಮುಕ್ಕಾಲು ಪಾಲು ಅವರದ."

"ನಮ್ಮನ್ನ ಏನು ಬೇಕಂತ ಕೇಳತಾರೇನು?"

"ಕೇಳೇ ಕೇಳತಾರ. ನೀ ಏನಂತೀದಿ?"

"ಮೆಟ್ಟಿಲು ಅಂತೀನಿ."

"ನಾ ಹಿಡಿಕಿ ಅಂತೀನಿ," ಎಂದು ನಕ್ಕಳು. ನಕ್ಕರೆ ಸೊಂಟ ನೋಯುತ್ತಿತ್ತು, ಕೈಯಿಂದ ಒತ್ತಿಕೊಂಡಳು.

ನಾನು ಕಂಬಳಿ ಬಿಚ್ಚಿ ಕೊಡವನ್ನು ಅವಳ ಅಂಗಳದ ನಡುವೆ ಸುರಿದೆ. ಆಶ್ವೀಜದ ಹೊಸ ಬಿಸಿಲು, ಆಗ ಕಾಸಿದ ತುಪ್ಪದ ಬಣ್ಣದ್ದು. ಕಾಶವ್ವ ಚಪ್ಪಲಿ ಬಿಟ್ಟು ಅದರೊಳಗೆ ಹೋಗಿ ನಿಂತಳು. ಕಣ್ಣು ಮುಚ್ಚಿ ಸೊಂಟವನ್ನು ಬಿಸಿಲಿಗೆ ತಿರುಗಿಸಿದಳು. "ಬಾರ, ಅಲ್ಲ್ಯಾಕ ನಿಂತಿ? ನಿಂದೂ ನೆರಳು ಬೀಳಲಿ," ಎಂದಳು.

ಹೋಗಿ ಪಕ್ಕಕ್ಕೆ ನಿಂತೆ. ಎರಡು ನೆರಳು ಇಳಿದು ಒಳಕಲ್ಲಿನ ಕಡೆ ಚಾಚಿಕೊಂಡವು. ಅವಳದು ನನ್ನದಕ್ಕಿಂತ ಒಂದು ಗೇಣು ಉದ್ದವಿತ್ತು. ಕಾಶವ್ವ ಕಣ್ಣು ಮುಚ್ಚಿದ್ದಳು, ಅದನ್ನು ನೋಡಲಿಲ್ಲ. ನಾನು ನೋಡಿದೆ.